ಮನೆ ಹೊತ್ತ ಗಾಡಿಗೆ ಎಂಥ ಟೈರು?

(ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಮನೆ ಮಾಡಿಕೊಂಡ ಗಾಡಿ, ಇಟ್ಟುಕೊಂಡಿರುವ ಮತ್ತು ಕಟ್ಟಿಸುತ್ತಿರುವ ಕೆಲವರು ಒಂದು ಭಾನುವಾರ ಮೈಸೂರಿನಲ್ಲಿ ಸೇರಿದ್ದಾಗ ನಾನು ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಹಿಂದುಮುಂದಾದದ್ದನ್ನು ಅಲ್ಲಲ್ಲಿ ಸರಿಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಅಂಗಳದಲ್ಲಿ ನಿಮ್ಮ ಗಾಡಿಗಳ ನಡುವೆ ಒಂದು ಸುತ್ತು ಬಂದೆ. ತೇಗದ ಕಪಾಟು, ಮಡಚಿಡುವ ಮಂಚ, ಅಡುಗೆಕಟ್ಟೆಗೆ ಕಡಪ ಕಲ್ಲು, ಛಾವಣಿಯ ಮೇಲೆ ಸೋಲಾರ್ ಹಲಗೆ. ಒಂದೊಂದನ್ನೂ ಎಷ್ಟು ಅಕ್ಕರೆಯಿಂದ ಮಾಡಿಸಿದ್ದೀರಿ ಎಂದು ನೋಡಿ ಸಂತೋಷವಾಯಿತು. ಆಮೇಲೆ ಬಗ್ಗಿ ಕೆಳಗೆ ನೋಡಿದೆ. ಕೆಲವು ಗಾಡಿಗಳ ಕೆಳಗೆ ಕಂಡದ್ದು ನನಗೆ ಅಂಜಿಕೆ ತಂದಿತು. ಇವತ್ತಿನ ಮಾತು ಅಲ್ಲಿಂದಲೇ ಶುರು.

ಟೈರು ಬದಲಿಸಬೇಕು ಅಂದಕೂಡಲೇ ಎಲ್ಲರೂ ನನ್ನನ್ನು ಕೇಳುವುದು ಒಂದೇ: "ಯಾವ ಕಂಪನಿದು ಹಾಕಿಸಲಿ ಮೇಡಂ?" ಅದಕ್ಕೂ ಉತ್ತರ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಇನ್ನೂ ಮೂರು ಪ್ರಶ್ನೆಗಳಿವೆ. ಗಾಡಿಯ ಒಂದೊಂದು ಚಕ್ರದ ಮೇಲೆ ಎಷ್ಟು ಭಾರ ಕೂತಿದೆ? ಟೈರಿಗೆ ವಯಸ್ಸೆಷ್ಟು? ಅದರೊಳಗೆ ಎಷ್ಟು ಗಾಳಿ ಇದೆ? ಈ ಮೂರನ್ನೂ ಕೇಳಿಕೊಳ್ಳದೆ ನಾನು ನಾಲ್ಕು ವರ್ಷ ಗಾಡಿ ಓಡಿಸಿದೆ.

ನಮ್ಮದು ಹಿಂದೆ ಜೋಡಿ ಚಕ್ರ ಇರುವ ಟೆಂಪೊ ಟ್ರಾವೆಲರ್. ಮುಂದೆ ಎರಡು, ಹಿಂದೆ ನಾಲ್ಕು, ಒಂದು ಸ್ಟೆಪ್ನಿ, ಒಟ್ಟು ಏಳು ಟೈರು. 2019ರಲ್ಲಿ ಹಳೆಯ ಗಾಡಿ ಕೊಂಡು ಒಳಗಿನ ಸೀಟುಗಳನ್ನೆಲ್ಲ ತೆಗೆಸಿ ಮನೆ ಮಾಡಿಸಿದೆವು. ಅದರ ಜೊತೆಗೇ ಬಂದ ಟೈರುಗಳು ನೋಡಲು ಹೊಸದರ ಹಾಗೇ ಇದ್ದವು. 2023ರ ಏಪ್ರಿಲ್‌ನಲ್ಲಿ ನಾನು, ನಮ್ಮ ಯಜಮಾನರು, ನಮ್ಮತ್ತೆ ಮೂವರೂ ಹಂಪಿಗೆ ಹೊರಟೆವು. ಚಿತ್ರದುರ್ಗ ದಾಟಿ ಹೊಸಪೇಟೆ ಹೆದ್ದಾರಿಯಲ್ಲಿ ಕೂಡ್ಲಿಗಿ ಇನ್ನೂ ಸ್ವಲ್ಪ ದೂರ ಇತ್ತು. ಮಧ್ಯಾಹ್ನ ಎರಡು ಗಂಟೆ, ಆ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಹಿಂದಿನಿಂದ ಡಬ್ ಅಂತ ಒಂದು ಸದ್ದು. ಗಾಡಿ ಎಡಕ್ಕೆ ವಾಲಿತು. ಬ್ರೇಕ್ ಮೇಲೆ ಕಾಲಿಡಬಾರದು ಎಂದು ಡ್ರೈವಿಂಗ್ ಹೇಳಿಕೊಟ್ಟವರು ಹೇಳಿದ್ದು ನೆನಪಿತ್ತು. ಸ್ಟಿಯರಿಂಗ್ ಬಿಗಿಹಿಡಿದು, ಆಕ್ಸಿಲರೇಟರ್ ನಿಧಾನಕ್ಕೆ ಬಿಟ್ಟು, ರಸ್ತೆಯಂಚಿಗೆ ಬಂದು ನಿಂತೆ. ಒಳಗೆ ಮಲಗಿದ್ದ ನಮ್ಮತ್ತೆ ಮಂಚದಿಂದ ಕೆಳಗೆ ಬಿದ್ದಿದ್ದರು. ಮೂಳೆ ಮುರಿಯಲಿಲ್ಲ, ಅಷ್ಟೇ. ಆ ಹೊತ್ತು ನನ್ನ ಕೈಕಾಲು ನಡುಗಿದ್ದನ್ನು ಇವತ್ತಿಗೂ ಮರೆತಿಲ್ಲ.

ಇಳಿದು ನೋಡಿದರೆ ಎಡಗಡೆ ಹಿಂದಿನ ಹೊರ ಟೈರು ಚಿಂದಿಯಾಗಿತ್ತು. ಅದರ ಪಕ್ಕದ ಒಳ ಟೈರು ಚಪ್ಪಟೆ. ಕೂಡ್ಲಿಗಿಯಿಂದ ಬಂದ ಪಂಕ್ಚರ್ ಅಂಗಡಿಯ ಹುಡುಗ ಎರಡನ್ನೂ ಬಿಚ್ಚಿ ಕೈಯಾಡಿಸಿ ಹೇಳಿದ: "ಯಕ್ಕ, ಒಳಗಿಂದು ಪಂಕ್ಚರ್ ಆಗಿ ಬಾಳ ಹೊತ್ತಾಗೈತ್ರಿ. ಪೂರಾ ಲೋಡು ಇದೊಂದರ ಮ್ಯಾಲೆ ಬಿದ್ದು ಹೊಡಕಂಡೈತಿ." ಗ್ರಿಪ್ ಇಷ್ಟು ಚೆನ್ನಾಗಿದೆಯಲ್ಲಪ್ಪಾ ಅಂದೆ. "ಗ್ರಿಪ್ ಏನ್ ನೋಡ್ತೀರಿ, ಮಗ್ಗಲು ನೋಡ್ರಿ" ಎಂದು ಟೈರಿನ ಮಗ್ಗುಲನ್ನು ಹೆಬ್ಬೆರಳಿನಿಂದ ಬಾಗಿಸಿದ. ಬೇಸಿಗೆಯ ಕೆರೆಯಂಗಳದ ಹಾಗೆ ಸಣ್ಣ ಬಿರುಕುಗಳು ತೆರೆದುಕೊಂಡವು. ಅಲ್ಲೇ ಒಂದು ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇತ್ತು: 2216. ಅಂದರೆ 2016ನೇ ಇಸವಿಯ 22ನೇ ವಾರ. ಆ ಟೈರಿಗೆ ಆಗಲೇ ಏಳು ವರ್ಷ ತುಂಬುತ್ತಾ ಬಂದಿತ್ತು. ನಾವು ಅದರ ಮೇಲೆ ಓಡಿದ್ದು ಹತ್ತೊಂಬತ್ತು ಸಾವಿರ ಕಿಲೋಮೀಟರ್ ಮಾತ್ರ.

ಇದೇ ಟ್ರಾವೆಲರ್ ಟ್ಯಾಕ್ಸಿಯಾಗಿ ಧರ್ಮಸ್ಥಳಕ್ಕೋ ತಿರುಪತಿಗೋ ಓಡುತ್ತಿದ್ದರೆ ಕಥೆ ಬೇರೆ. ತಿಂಗಳಿಗೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡಿ, ಒಂದೆರಡು ವರ್ಷಕ್ಕೆ ಗ್ರಿಪ್ ಸವೆದು, ಟೈರು ತಾನಾಗಿಯೇ ಬದಲಾಗುತ್ತದೆ. ಮುದಿಯಾಗಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಸಂಜೆ ಜನ ಇಳಿದು ಮನೆಗೆ ಹೋದರೆ ಗಾಡಿ ಹಗುರ. ನಮ್ಮ ಗಾಡಿಯಿಂದ ಯಾರೂ ಇಳಿಯುವುದಿಲ್ಲ. ಮಂಚ, ಕಪಾಟು, ನೀರು, ಬ್ಯಾಟರಿ ಎಲ್ಲವೂ ವರ್ಷದ 365 ದಿನ ಟೈರಿನ ಮೇಲೆ ಕೂತಿರುತ್ತವೆ. ಮೂರು ತಿಂಗಳು ಒಂದೇ ಕಡೆ ನಿಲ್ಲಿಸಿ, ಆಮೇಲೆ ಒಂದೇ ದಿನ ನಾನೂರು ಕಿಲೋಮೀಟರ್ ಓಡಿಸುತ್ತೇವೆ. ಕ್ಯಾಂಪರ್ ಗಾಡಿಯ ಟೈರು ಸವೆದು ಸಾಯುವುದು ಅಪರೂಪ. ಅದು ಕೂತಲ್ಲೇ ಮುದಿಯಾಗುತ್ತದೆ, ಭಾರ ಹೊತ್ತು ಬಳಲುತ್ತದೆ. ಅದಕ್ಕೇ ಗ್ರಿಪ್ ನೋಡಿ ಟೈರಿನ ಆರೋಗ್ಯ ಹೇಳುವ ಪದ್ಧತಿ ನಮಗೆ ಉಪಯೋಗಕ್ಕೆ ಬರುವುದಿಲ್ಲ. 1.6 ಮಿಲಿಮೀಟರ್ ಗ್ರಿಪ್ ಉಳಿದಿರಬೇಕು ಎನ್ನುವುದು ಕಾನೂನು. ನಮ್ಮ ಟೈರಿನಲ್ಲಿ ಆರು ಮಿಲಿಮೀಟರ್ ಉಳಿದಿತ್ತು.

ರಬ್ಬರಿಗೆ ವಯಸ್ಸಾಗುವುದು ಹೇಗೆ ಎಂದು ತಿಳಿದರೆ ಮುಂದಿನದು ಸುಲಭ. ಸುಳ್ಯ, ಪುತ್ತೂರಿನ ಕಡೆಯವರು ಇಲ್ಲಿದ್ದರೆ ರಬ್ಬರ್ ಹಾಲು ಕಂಡಿರುತ್ತೀರಿ. ಮರದ ತೊಗಟೆ ಗೀರಿ ಚಿಪ್ಪಿಗೆ ಇಳಿಸಿದ ಆ ಹಾಲನ್ನು ಹೆಪ್ಪುಗಟ್ಟಿಸಿ, ಶೀಟು ಮಾಡಿ ಒಣಗಿಸಿದರೂ ಅದು ಟೈರಿಗೆ ಬೇಕಾದ ರಬ್ಬರ್ ಆಗುವುದಿಲ್ಲ. ಬಿಸಿಲಿಗೆ ಅಂಟಂಟು, ಚಳಿಗೆ ಪೆಡಸು. ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯೂ ಆಗುತ್ತದೆ, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಗುಣವೂ ಉಳಿಯುತ್ತದೆ ಎಂದು 1839ರಲ್ಲಿ ಕಂಡುಕೊಂಡವರು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಗಂಧಕವು ರಬ್ಬರಿನ ಉದ್ದನೆಯ ಎಳೆಗಳ ನಡುವೆ ಗಂಟು ಹಾಕುತ್ತದೆ. ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಗಾಳಿಯಲ್ಲಿರುವ ಆಮ್ಲಜನಕ ಮತ್ತು ಬಿಸಿ ಸೇರಿ ಆ ಹೆಣಿಗೆಯನ್ನು ಕೆಡಿಸುತ್ತಾ ಹೋಗುತ್ತವೆ. ಕೆಲವು ಕಡೆ ಗಂಟು ಹೆಚ್ಚಾಗಿ ರಬ್ಬರು ಬಿರುಸಾಗುತ್ತದೆ, ಕೆಲವು ಕಡೆ ಎಳೆಯೇ ತುಂಡಾಗುತ್ತದೆ. ಓಜೋನ್ ಮೇಲುಮೈಯನ್ನು ಸೀಳುತ್ತದೆ. ಇದನ್ನು ತಡೆಯಲೆಂದೇ ರಬ್ಬರಿಗೆ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಟೈರು ಉರುಳಿ ಬಾಗಿ ಏಳುವಾಗ ಆ ಮೇಣ ಒಳಗಿನಿಂದ ಮೇಲಕ್ಕೆ ಬಂದು ತೆಳುವಾದ ಪದರವಾಗಿ ಹರಡುತ್ತದೆ. ನಿಂತ ಟೈರಿನಲ್ಲಿ ಅದು ಸರಿಯಾಗಿ ಮೇಲೆ ಬರುವುದಿಲ್ಲ. ದಿನಾ ಓಡುವ ಗಾಡಿಯ ಟೈರಿಗಿಂತ ಶೆಡ್ಡಿನಲ್ಲಿ ನಿಂತ ಗಾಡಿಯ ಟೈರು ಬೇಗ ಬಿರುಕು ಬಿಡುವುದು ಈ ಕಾರಣಕ್ಕೆ.

ಹಾಗಾಗಿ ಅಂಗಡಿಗೆ ಹೋದಾಗ ಮೊದಲು ಆ ನಾಲ್ಕು ಅಂಕಿ ನೋಡಿ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ಅಂಕಿ ಇಸವಿ. ಕೆಲವು ಟೈರುಗಳಲ್ಲಿ ಅದು ಒಂದೇ ಮಗ್ಗುಲಲ್ಲಿ ಇರುತ್ತದೆ, ಹುಡುಕಬೇಕು. ನಾನು ಆರು ತಿಂಗಳಿಗಿಂತ ಹಳೆಯ ಟೈರು ತೆಗೆದುಕೊಳ್ಳುವುದಿಲ್ಲ. ಟ್ಯಾಕ್ಸಿಯವರಿಗೆ ಒಂದು ವರ್ಷ ಹಳೆಯದಾದರೂ ನಷ್ಟವಿಲ್ಲ, ಅವರು ಅದನ್ನು ಬೇಗ ಸವೆಸಿಬಿಡುತ್ತಾರೆ. ನಮಗೆ ಆ ಒಂದು ವರ್ಷ ಅಂದರೆ ಟೈರಿನ ಆಯುಸ್ಸಿನ ಏಳನೇ ಒಂದು ಪಾಲು. "ಸ್ಟಾಕ್ ಇರೋದು ಇದೇ ಮೇಡಂ, ರೇಟು ಕಡಿಮೆ ಮಾಡ್ಕೊಡ್ತೀನಿ" ಅಂದರೆ ನಮಸ್ಕಾರ ಹೇಳಿ ಬೇರೆ ಅಂಗಡಿಗೆ ಹೋಗಿ. ಎಷ್ಟು ವರ್ಷ ಇಟ್ಟುಕೊಳ್ಳಬಹುದು? ಐದು ವರ್ಷ ಬಳಸಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸಿ, ತಯಾರಾಗಿ ಹತ್ತು ವರ್ಷವಾದರೆ ಚೆನ್ನಾಗಿ ಕಂಡರೂ ತೆಗೆದುಬಿಡಿ ಎನ್ನುತ್ತದೆ ಮಿಶೆಲಿನ್ ಕಂಪನಿ. ನಮ್ಮ ಬಿಸಿಲು, ನಮ್ಮ ಭಾರ ಎರಡನ್ನೂ ನೋಡಿ ನಾನು ಏಳಕ್ಕೆ ಗೆರೆ ಎಳೆದಿದ್ದೇನೆ. ಏಳು ಟೈರಿಗೆ ಅರ್ಧ ಲಕ್ಷ ದಾಟುತ್ತದೆ, ಗೊತ್ತು. ಏಳು ವರ್ಷಕ್ಕೆ ಹಂಚಿಕೊಂಡರೆ ತಿಂಗಳಿಗೆ ಆರು ನೂರು ರೂಪಾಯಿ ಚಿಲ್ಲರೆ.

ಈಗ ಭಾರಕ್ಕೆ ಬರೋಣ. ಇವತ್ತು ನಾನು ಹೇಳುವುದರಲ್ಲಿ ಇದೊಂದನ್ನಾದರೂ ದಯವಿಟ್ಟು ಮಾಡಿ. ಹೊಸ ಟೈರು ಕೊಳ್ಳುವ ಮೊದಲು ಗಾಡಿಯನ್ನು ಲಾರಿ ತೂಗುವ ವೇಬ್ರಿಡ್ಜ್‌ಗೆ ತೆಗೆದುಕೊಂಡು ಹೋಗಿ. ನೀರು ತುಂಬಿಸಿ, ಡೀಸೆಲ್ ತುಂಬಿಸಿ, ಪಾತ್ರೆ ಪಡಗ ಹಾಸಿಗೆ ಎಲ್ಲಾ ಹಾಕಿಕೊಂಡು, ಹೋಗುವ ಮಂದಿಯೂ ಕೂತುಕೊಂಡು ತೂಗಿಸಿ. ಒಮ್ಮೆ ಇಡೀ ಗಾಡಿ, ಒಮ್ಮೆ ಮುಂದಿನ ಚಕ್ರಗಳು ಮಾತ್ರ ತಟ್ಟೆಯ ಮೇಲೆ. ನೆಲಮಟ್ಟದ ವೇಬ್ರಿಡ್ಜ್ ಆಗಿದ್ದರೆ ಎಡಗಡೆಯ ಚಕ್ರಗಳನ್ನು ಮಾತ್ರ ಮೇಲೆ ನಿಲ್ಲಿಸಿಯೂ ತೂಗಬಹುದು. ಹಿಂದಿನ ಎಡಗಡೆಯದನ್ನು ಮಾತ್ರ ನಿಲ್ಲಿಸಲು ಸ್ವಲ್ಪ ಹಿಂದೆ ಮುಂದೆ ಮಾಡಬೇಕಾಗುತ್ತದೆ. ಜಲ್ಲಿ ಲಾರಿಗಳ ಸಾಲಿಲ್ಲದ ಹೊತ್ತು ನೋಡಿಕೊಂಡು ಹೋಗಿ ವಿನಯದಿಂದ ಕೇಳಿದರೆ ಬೇಡ ಅನ್ನುವುದಿಲ್ಲ.

ನಮ್ಮ ಗಾಡಿಯದು ಹೀಗೆ ಬಂತು. ಒಟ್ಟು 4,220 ಕೆಜಿ. ಮುಂದೆ 1,460, ಹಿಂದೆ 2,760. ಆ ಹಿಂದಿನದರಲ್ಲಿ ಎಡಕ್ಕೆ 1,540, ಬಲಕ್ಕೆ 1,220. ಇಷ್ಟು ವ್ಯತ್ಯಾಸ ಹೇಗೆ ಎಂದು ಮನೆಗೆ ಬಂದು ಲೆಕ್ಕ ಹಾಕಿದೆ. 120 ಲೀಟರ್ ನೀರಿನ ಟ್ಯಾಂಕು ಎಡಗಡೆ, ಅಂದರೆ 120 ಕೆಜಿ. ಇನ್ವರ್ಟರ್ ಬ್ಯಾಟರಿ ಎಡಗಡೆ, ಒಂದೊಂದೂ ಐವತ್ತು ಕೆಜಿ ಮೇಲಿರುವ ಟ್ಯೂಬುಲರ್ ಬ್ಯಾಟರಿ ಎರಡು. ಅಡುಗೆಕಟ್ಟೆಯೂ ಅಲ್ಲೇ. ನಾಲ್ಕಡಿ ಉದ್ದ, ಎರಡಡಿಗೆ ಸ್ವಲ್ಪ ಕಡಿಮೆ ಅಗಲದ ಕಡಪ ಕಲ್ಲೇ ಮೂವತ್ತು ಕೆಜಿ ತೂಗುತ್ತದೆ. ಮನೆ ಕಟ್ಟುವಾಗ ಕಿಟಕಿ ಎಲ್ಲಿ ಬರುತ್ತದೆ, ಬಾಗಿಲು ಎಲ್ಲಿ ತೆರೆಯುತ್ತದೆ ಎಂದು ನೋಡಿದ್ದೆವು. ಯಾವ ಚಕ್ರದ ಮೇಲೆ ಏನು ಕೂರುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ನಮ್ಮ ಟೈರಿನ ಮಗ್ಗುಲಲ್ಲಿ 215/75 ಆರ್ 15, ಅದರ ಮುಂದೆ 106/103 ಎಂದು ಇರುತ್ತದೆ. 215 ಅಗಲ, ಮಿಲಿಮೀಟರ್‌ನಲ್ಲಿ. 75 ಅಂದರೆ ಮಗ್ಗುಲಿನ ಎತ್ತರ ಅಗಲದ ನೂರಕ್ಕೆ ಎಪ್ಪತ್ತೈದು. ಆರ್ ಅಂದರೆ ರೇಡಿಯಲ್, ಒಳಗಿನ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಓಡುವ ಬಗೆ. 15 ಅಂದರೆ ಟೈರು ಕೂರುವ ಡಿಸ್ಕಿನ ಅಳತೆ, ಇಂಚಿನಲ್ಲಿ. ಇವಿಷ್ಟನ್ನು ಅಂಗಡಿಯವರು ತಾವೇ ನೋಡಿಕೊಳ್ಳುತ್ತಾರೆ. ಅವರು ಹೇಳದೆ ಬಿಡುವುದು ಕೊನೆಯ ಎರಡು ಸಂಖ್ಯೆಗಳನ್ನು, 106/103. ಅದು ಭಾರದ ಸಂಕೇತ. 106 ಅಂದರೆ 950 ಕೆಜಿ, ಟೈರು ಒಂಟಿಯಾಗಿ ಇದ್ದಾಗ. 103 ಅಂದರೆ 875 ಕೆಜಿ, ಜೋಡಿಯಲ್ಲಿ ಇದ್ದಾಗ. ಜೋಡಿಯಲ್ಲಿ ಎರಡಕ್ಕೂ ಭಾರ ಸಮನಾಗಿ ಹಂಚುವುದಿಲ್ಲ, ಒಳಗಿನದಕ್ಕೆ ಗಾಳಿಯಾಡುವುದೂ ಕಡಿಮೆ, ಅದಕ್ಕೇ ಮಿತಿ ಕಡಿಮೆ. ನಮ್ಮ ಎಡ ಜೋಡಿ ಹೊರುತ್ತಿದ್ದದ್ದು 1,540, ಅಂದರೆ ಒಂದಕ್ಕೆ 770. ಮಿತಿಯೊಳಗೇ ಇತ್ತು. ಈಗ ಒಳಗಿನ ಟೈರಿನ ಗಾಳಿ ಹೋಯಿತು ಅಂದುಕೊಳ್ಳಿ. ಹೊರಗಿನದರ ಮೇಲೆ 1,540 ಬಿತ್ತು. ಒಂಟಿಯಾಗಿ ಅದು ಹೊರಬಲ್ಲದ್ದು 950. ಸುಮಾರು ಆರು ನೂರು ಕೆಜಿ ಹೆಚ್ಚು ಹೊತ್ತು, ಏಳು ವರ್ಷದ ಟೈರು, ಏಪ್ರಿಲ್ ಬಿಸಿಲಿನಲ್ಲಿ, ಗಂಟೆಗೆ ಎಂಬತ್ತರ ವೇಗದಲ್ಲಿ. ನನಗೆ ಏನೂ ಗೊತ್ತಾಗಲಿಲ್ಲ, ಏಕೆಂದರೆ ಜೋಡಿ ಚಕ್ರದಲ್ಲಿ ಒಂದು ಇಳಿದರೆ ಗಾಡಿ ವಾಲುವುದಿಲ್ಲ. ಹಿಂದೆ ಜೋಡಿ ಚಕ್ರ ಇದೆ, ಒಂದು ಹೋದರೂ ಇನ್ನೊಂದು ಇರುತ್ತದೆ ಎನ್ನುವ ಧೈರ್ಯವನ್ನು ಬಿಟ್ಟುಬಿಡಿ.

ಅಂದಮೇಲೆ ಟೈರು ಆರಿಸುವ ಕೆಲಸ ನಮ್ಮ ಮನೆಯಲ್ಲಿ ಅಡುಗೆಕಟ್ಟೆಯಿಂದ ಶುರುವಾಯಿತು. ಕಲ್ಲು ತೆಗೆಸಿ ಸ್ಟೀಲ್ ಹಾಕಿಸಿದೆವು. ನೀರಿನ ಟ್ಯಾಂಕನ್ನು ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಹೊತ್ತ ಎರಡು ಆಕ್ಸಲ್‌ಗಳ ನಡುವೆ, ಗಾಡಿಯ ಮಧ್ಯಕ್ಕೆ ತಂದೆವು. ಬ್ಯಾಟರಿ ಒಂದು ಎಡಕ್ಕೆ, ಒಂದು ಬಲಕ್ಕೆ. ಮತ್ತೆ ತೂಗಿಸಿದಾಗ ಎಡ ಜೋಡಿಯ ಮೇಲೆ 1,380 ಬಂತು. ಇದಾದ ಮೇಲೆಯೇ ಟೈರಿನ ಅಂಗಡಿಗೆ ಹೋದದ್ದು.

ಗಾಳಿ. ಟೈರಿನ ಮೇಲೆ ಬರೆದಿರುವ ಭಾರದ ಮಿತಿ, ಅದಕ್ಕೆ ಹೇಳಿದಷ್ಟು ಗಾಳಿ ತುಂಬಿದಾಗ ಮಾತ್ರ ನಿಜ. ಭಾರ ಹೊರುವುದು ಹೆಚ್ಚುಪಾಲು ಒಳಗಿನ ಗಾಳಿಯೇ, ರಬ್ಬರು ಆ ಗಾಳಿಯನ್ನು ಹಿಡಿದಿಡುವ ಚೀಲ. ನಮ್ಮ ಟೈರಿಗೆ ಪೂರ್ತಿ ಮಿತಿಗೆ, ಗಾಳಿಯ ಒತ್ತಡದ ಅಳತೆಯಲ್ಲಿ, 65 ಪಿಎಸ್‌ಐ ಬೇಕು. ನಾನು 45 ಹಾಕಿಸುತ್ತಿದ್ದೆ, ಕುಲುಕಾಟ ಕಡಿಮೆ, ಪಾತ್ರೆ ಸದ್ದು ಮಾಡುವುದಿಲ್ಲ ಎಂದು. ಅಷ್ಟು ಗಾಳಿಗೆ ಜೋಡಿಯಲ್ಲಿರುವ ಆ ಟೈರು 700 ಕೆಜಿಯನ್ನೂ ಹೊರಲಾರದು. ನಾನು ಹೊರಿಸಿದ್ದು 770. ಅಂದರೆ ಒಳಗಿನ ಟೈರು ಪಂಕ್ಚರ್ ಆಗುವ ಮೊದಲೇ ನಾಲ್ಕು ವರ್ಷ ಪ್ರತಿ ಪ್ರಯಾಣದಲ್ಲೂ ಎಡಗಡೆಯ ಟೈರುಗಳನ್ನು ನಾನು ಮಿತಿಮೀರಿ ದುಡಿಸಿದ್ದೆ. ನಿಮ್ಮ ಗಾಡಿಗೆ ಎಷ್ಟು ಬೇಕು ಎನ್ನುವುದಕ್ಕೆ ಚಾಲಕನ ಬಾಗಿಲ ಹತ್ತಿರದ ಚೀಟಿ ಮತ್ತು ಗಾಡಿಯ ಪುಸ್ತಕ ನೋಡಿ. ಆಮೇಲೆ ವೇಬ್ರಿಡ್ಜ್ ಚೀಟಿ ಇಟ್ಟುಕೊಂಡು ಟೈರು ಕಂಪನಿಯವರನ್ನು ಕೇಳಿ. ಭಾರಕ್ಕೆ ತಕ್ಕ ಗಾಳಿಯ ಪಟ್ಟಿ ಅವರ ಹತ್ತಿರ ಇರುತ್ತದೆ. ಎಡಬಲ ಬೇರೆಬೇರೆ ಬಂದರೆ, ಹೆಚ್ಚು ಭಾರ ಇರುವ ಕಡೆಗೆ ಎಷ್ಟು ಬೇಕೋ ಅಷ್ಟನ್ನೇ ಎರಡೂ ಕಡೆ ತುಂಬಿ.

ಇಲ್ಲೇ ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ನಂಬಿಕೆಯ ಬಗ್ಗೆ ಹೇಳಬೇಕು. "ಬೇಸಿಗೆ, ಗಾಳಿ ಸ್ವಲ್ಪ ಕಮ್ಮಿ ಹಾಕು, ಇಲ್ಲಾಂದ್ರೆ ಹೊಡೆದುಹೋಗುತ್ತೆ." ನಮ್ಮ ತಂದೆಯವರೂ ಹಾಗೇ ಹೇಳುತ್ತಿದ್ದರು. ಬಿಸಿಯಾದರೆ ಒತ್ತಡ ಏರುವುದು ನಿಜ. ಬೆಳಿಗ್ಗೆ ತಂಪಿನಲ್ಲಿ 65 ತುಂಬಿದ್ದು, ಟೈರಿನ ಒಳಗೆ ನಲವತ್ತು ಡಿಗ್ರಿ ಏರಿದರೆ ಸುಮಾರು 76 ತೋರಿಸುತ್ತದೆ. ಆ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಟೈರು ಮಾಡಿರುತ್ತಾರೆ. ಟೈರನ್ನು ಕೊಲ್ಲುವ ಬಿಸಿ ಹುಟ್ಟುವುದು ಬಹುಪಾಲು ಅದರ ಮಗ್ಗುಲಿನಲ್ಲೇ. ಗಾಳಿ ಕಡಿಮೆಯಿದ್ದರೆ ಪ್ರತಿ ಸುತ್ತಿಗೂ ಮಗ್ಗುಲು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದಷ್ಟೂ ಪದರಗಳು ಒಂದರಿಂದೊಂದು ಬಿಡುತ್ತವೆ. ಒಂದು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಆದ್ದರಿಂದ ಗಾಳಿಯನ್ನು ಬೆಳಿಗ್ಗೆ, ಗಾಡಿ ಹೊರಡುವ ಮೊದಲು ನೋಡಬೇಕು. ದಾರಿಯಲ್ಲಿ ಬಿಸಿಯಾದ ಟೈರಿನಿಂದ ಗಾಳಿ ಬಿಡಲೇಬಾರದು. ಸ್ವಂತದ್ದೊಂದು ಗೇಜು ಇಟ್ಟುಕೊಳ್ಳಿ, ಜೋಡಿಯ ಒಳ ಟೈರಿನ ವಾಲ್ವಿಗೆ ಮುಟ್ಟುವ ಉದ್ದ ಮೂತಿಯದು. ನೈಟ್ರೋಜನ್ ಹಾಕಿಸಬೇಕೇ ಎಂದು ಕೇಳುತ್ತೀರಿ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಆ ದುಡ್ಡಿಗೆ ಚಕ್ರಗಳ ಗಾಳಿ ತೋರಿಸುವ ಸೆನ್ಸರ್ ಹಾಕಿಸಿಕೊಳ್ಳಿ. ಅದು ನನ್ನ ಗಾಡಿಯಲ್ಲಿ ಇದ್ದಿದ್ದರೆ ಚಿತ್ರದುರ್ಗದಲ್ಲೇ ಪಂಕ್ಚರ್ ಹಾಕಿಸಿಕೊಂಡು ಮುಂದೆ ಹೋಗುತ್ತಿದ್ದೆವು.

ಇಷ್ಟಾದ ಮೇಲೆ ಅಂಗಡಿಯಲ್ಲಿ ಆರಿಸುವ ಕೆಲಸ ದೊಡ್ಡದಲ್ಲ. ಅಳತೆ ಬದಲಿಸಬೇಡಿ. ಅಗಲ ಹೆಚ್ಚಿಸಿದರೆ ಚೆನ್ನಾಗಿ ಕಾಣುತ್ತದೆ ಎನ್ನುವವರಿದ್ದಾರೆ. ಜೋಡಿ ಚಕ್ರದಲ್ಲಿ ಅಗಲದ ಟೈರು ಭಾರಕ್ಕೆ ಉಬ್ಬಿ ಒಂದಕ್ಕೊಂದು ಉಜ್ಜುತ್ತವೆ. ಭಾರದ ಸಂಕೇತ ಗಾಡಿಗೆ ಹೇಳಿದ್ದಕ್ಕಿಂತ ಒಂದು ಅಂಕಿಯೂ ಕಡಿಮೆ ಬೇಡ. ಎಲ್‌ಟಿ ಅಥವಾ ಅಳತೆಯ ಕೊನೆಯಲ್ಲಿ ಸಿ ಅಕ್ಷರ ಇರಬೇಕು. ಅವು ಹಗುರ ವಾಣಿಜ್ಯ ವಾಹನಕ್ಕೆಂದು ಮಾಡಿದ, ಗಟ್ಟಿ ಮಗ್ಗುಲಿನ ಟೈರುಗಳು. ಚಿಕ್ಕ ವ್ಯಾನಿನಲ್ಲಿ ಮನೆ ಮಾಡಿಕೊಂಡವರು ಕಾರಿನ ಟೈರೇ ಕೂರುತ್ತದೆ, ಬೆಲೆಯೂ ಕಡಿಮೆ ಎಂದು ಅದನ್ನು ಹಾಕಿಸುವುದುಂಟು. ಡಿಸ್ಕಿಗೆ ಕೂತ ಮಾತ್ರಕ್ಕೆ ಅದು ಭಾರ ಹೊರುವುದಿಲ್ಲ. ಯುರೋಪಿನಲ್ಲಿ ನಮ್ಮಂಥ ಗಾಡಿಗಳಿಗೆಂದೇ ಸಿಪಿ ಎನ್ನುವ ಗುರುತಿನ ಬೇರೆ ಟೈರು ಮಾಡುತ್ತಾರೆ. ಅಲ್ಲಿ ಫಿಯಟ್ ಡುಕಾಟೊ ಮೇಲೆ ಕಟ್ಟಿದ ಕ್ಯಾಂಪರ್‌ಗಳು ಬಹಳ. ಅವುಗಳ ಹಿಂದಿನ ಚಕ್ರಕ್ಕೆ 5.5 ಬಾರ್, ಅಂದರೆ ಸುಮಾರು 80 ಪಿಎಸ್‌ಐ ತುಂಬುವುದು ಸಾಮಾನ್ಯ. ಸದಾ ತುಂಬಿದ ಭಾರ, ಸದಾ ನಿಂತ ಗಾಡಿ, ಹಿಂದಿನ ಆಕ್ಸಲ್ ಮೇಲೇ ಹೊರೆ ಎಂಬುದನ್ನು ಅಲ್ಲಿಯವರು ಒಂದು ಬೇರೆ ಜಾತಿಯ ಕೆಲಸ ಎಂದು ಗುರುತಿಸಿ ಟೈರು ಮಾಡಿದ್ದಾರೆ ಎನ್ನುವುದಕ್ಕೆ ಇದನ್ನು ಹೇಳಿದೆ. ಅದು ಸಿಗದ ಕಡೆ ಎಲ್‌ಟಿ ಟೈರನ್ನೇ ಪೂರ್ತಿ ಗಾಳಿಯಲ್ಲಿ, ಮಿತಿಗಿಂತ ಸ್ವಲ್ಪ ಕಡಿಮೆ ಭಾರದಲ್ಲಿ ಇಟ್ಟುಕೊಳ್ಳಬೇಕು.

ನೈಲಾನ್, ಅಂದರೆ ಎಳೆಗಳನ್ನು ಓರೆಯಾಗಿ ಹೆಣೆದ ಹಳೆಯ ಬಗೆ, ಬೇಡ, ರೇಡಿಯಲ್ ಹಾಕಿ. ಒಂದೇ ಗಾಡಿಯಲ್ಲಿ ಎರಡನ್ನೂ ಬೆರೆಸಬೇಡಿ. ಗ್ರಿಪ್ಪಿನ ವಿನ್ಯಾಸ ಉದ್ದುದ್ದ ಗೆರೆಯ ರಿಬ್ ಇರಲಿ. ದೊಡ್ಡ ದೊಡ್ಡ ಕಟ್ಟೆಗಳಿರುವ ಆಫ್‌ರೋಡ್ ಟೈರು ಹಾಕಿದರೆ ಗಾಡಿಗೆ ಗತ್ತು ಬರುತ್ತದೆ, ಒಪ್ಪುತ್ತೇನೆ. ನಿಮ್ಮ ಕಳೆದ ವರ್ಷದ ಪ್ರಯಾಣವನ್ನು ನೆನೆಸಿಕೊಳ್ಳಿ. ಕೆಸರಿನಲ್ಲಿ ಓಡಿದ್ದು ಎಷ್ಟು, ಡಾಂಬರಿನ ಮೇಲೆ ಓಡಿದ್ದು ಎಷ್ಟು? ಶಿರಾಡಿಯಲ್ಲೋ ಆಗುಂಬೆಯಲ್ಲೋ ಜುಲೈ ತಿಂಗಳ ಮಳೆಯಲ್ಲಿ ನಾಲ್ಕು ಟನ್ನಿನ ಗಾಡಿ ಇಳಿಸುವಾಗ ಬೇಕಾದದ್ದು ಒದ್ದೆ ಡಾಂಬರಿನ ಮೇಲೆ ಹಿಡಿತ. ಅದು ಸಿಗುವುದು ರಸ್ತೆಗೆಂದೇ ಮಾಡಿದ ಟೈರಿನಲ್ಲಿ.

ಇನ್ನು ಕಂಪನಿ. ನಮ್ಮೂರು ಮೈಸೂರಿಗೂ ಟೈರಿಗೂ ಹಳೆಯ ನಂಟು. ಕೆ.ಆರ್.ಎಸ್. ರಸ್ತೆಯ ವಿಕ್ರಾಂತ್ ಕಾರ್ಖಾನೆಯಲ್ಲಿ ದುಡಿದವರ ಮನೆ ಮೇಟಗಳ್ಳಿಯ ಕಡೆ ಬೀದಿಗೆ ಒಂದಾದರೂ ಇದೆ. 1997ರಲ್ಲಿ ಅದು ಜೆಕೆ ಟೈರ್‌ನವರ ಕೈಗೆ ಬಂತು. ಹೆಸರಾಂತ ನಾಲ್ಕೈದು ಕಂಪನಿಗಳಲ್ಲಿ ಯಾವುದಾದರೂ ಆಗಬಹುದು. ಟೈರಿಗೆ ಐಎಸ್‌ಐ ಮುದ್ರೆ ಕಡ್ಡಾಯ. 2022ರಲ್ಲಿ ಕೇಂದ್ರ ಸರ್ಕಾರ ಉರುಳುವಾಗಿನ ತಡೆ, ಒದ್ದೆ ನೆಲದ ಹಿಡಿತ, ಸದ್ದು ಮೂರಕ್ಕೂ ಮಟ್ಟ ನಿಗದಿ ಮಾಡಿದೆ, ಹಗುರ ವಾಣಿಜ್ಯ ಟೈರುಗಳೂ ಅದರಲ್ಲಿ ಸೇರಿವೆ. ನಾನು ಕಂಪನಿ ಆರಿಸುವಾಗ ನೋಡುವುದು ಒಂದೇ: ಬೀದರಿನಲ್ಲೋ ಕಾರವಾರದಲ್ಲೋ ಟೈರು ಹೋದರೆ ಅದೇ ಅಳತೆಯ, ಅದೇ ಮಾದರಿಯ ಟೈರು ಅಲ್ಲಿ ಸಿಗುತ್ತದೆಯೇ ಎಂದು. ವಿದೇಶದ ಅಪರೂಪದ ಟೈರು ಹಾಕಿಸಿ ಒಂದು ವಾರ ಊರ ಹೊರಗೆ ಕಾದವರು ನನಗೆ ಗೊತ್ತು.

ಕೂರಿಸುವಾಗ ಎದುರಿಗೆ ನಿಂತುಕೊಳ್ಳಿ. ಹೊಸ ಟೈರಿಗೆ ಹೊಸ ವಾಲ್ವು, ಅದೂ ಲೋಹದ್ದು. ಜೋಡಿಯಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಲು ಬಿಡಬೇಡಿ. ಎತ್ತರ ಹೆಚ್ಚಿರುವುದೇ ಭಾರವನ್ನೆಲ್ಲ ಹೊರುತ್ತದೆ. ಒಳ ಟೈರಿನ ತಯಾರಿಕೆಯ ಅಂಕಿಗಳ ಫೋಟೋ ಆಗಲೇ ತೆಗೆದುಕೊಳ್ಳಿ, ಆಮೇಲೆ ಕಾಣುವುದಿಲ್ಲ. ಮೆಷಿನ್ನಿನಲ್ಲಿ ಕಚ್ಚಿಸಿದ ನಟ್ಟನ್ನು ದಾರಿಯಲ್ಲಿ ಕೈ ಪಾನದಿಂದ ಬಿಚ್ಚಲು ಆಗುವುದಿಲ್ಲ. ಕೊನೆಯ ಬಿಗಿ, ಎಷ್ಟು ಬಿಗಿಯಾಯಿತು ಎಂದು ಅಳೆಯುವ ಟಾರ್ಕ್ ಪಾನದಲ್ಲಿ ಆಗಲಿ. ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ.

ನಿಲ್ಲಿಸುವಾಗ ನೆರಳಿರಲಿ. ನೆರಳಿಲ್ಲದಿದ್ದರೆ ಗೋಣಿಚೀಲ ಇಳಿಬಿಟ್ಟು ಚಕ್ರ ಮುಚ್ಚಿ. ನೀರಿನ ಟ್ಯಾಂಕ್ ಖಾಲಿ ಮಾಡಿ. ಎರಡು ವಾರಕ್ಕೊಮ್ಮೆ ಗಾಡಿ ತೆಗೆದು ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಆ ಮೇಣ ಮೇಲೆ ಬರಲಿ. ಟೈರು ಕಪ್ಪಗೆ ಹೊಳೆಯುವ ಪಾಲಿಷ್ ಹಚ್ಚಬೇಡಿ. ಸಾಬೂನು ನೀರು ಸಾಕು.

ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಬಂದವು. ಹಾಸನದಿಂದ ಬಂದಿದ್ದ ಒಬ್ಬರು, ಹಳೆಯ ಟೈರಿಗೆ ರೀಟ್ರೆಡ್, ಅಂದರೆ ಮೇಲೆ ಹೊಸ ಗ್ರಿಪ್ ಪದರ, ಮಾಡಿಸಬಹುದೇ ಎಂದು ಕೇಳಿದರು. ಲಾರಿಯವರು ಮಾಡಿಸುತ್ತಾರೆ, ಅವರ ಟೈರಿನ ಗ್ರಿಪ್ ಮೊದಲು ಸವೆಯುತ್ತದೆ, ಒಡಲು ಇನ್ನೂ ಎಳೆಯದಿರುತ್ತದೆ. ನಮ್ಮದು ತದ್ವಿರುದ್ಧ, ಒಡಲೇ ಮುದಿಯಾಗಿರುತ್ತದೆ, ಬೇಡ ಎಂದೆ. ಒಂದೇ ಸಲಕ್ಕೆ ಏಳು ಟೈರಿಗೆ ದುಡ್ಡು ಹೊಂದಿಸಲಾಗದಿದ್ದರೆ ಏನು ಮಾಡುವುದು ಎಂದು ಇನ್ನೊಬ್ಬರು ಕೇಳಿದರು. ತೂಕದ ಚೀಟಿಯಲ್ಲಿ ಹೆಚ್ಚು ಹೊರೆ ಇರುವ ಆಕ್ಸಲ್‌ನದು ಮೊದಲು, ಪೂರ್ತಿ ಆಕ್ಸಲ್ ಒಟ್ಟಿಗೆ. ಅಲ್ಲಿಯವರೆಗೆ ಹಗುರ ಮಾಡಿಕೊಂಡು ಓಡಿಸಿ, ಅರವತ್ತು ದಾಟಬೇಡಿ.

ಮೂರನೆಯವರು ವಿಕ್ರಾಂತ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರು. "ಎಲ್ಲಾ ಹೇಳಿದಿರಿ ತಾಯಿ, ಸ್ಟೆಪ್ನಿ ಬಗ್ಗೆ ಹೇಳಲಿಲ್ಲವಲ್ಲ" ಅಂದರು. ನಾನು ಮರೆತಿದ್ದೆ. ಎಲ್ಲರೂ ಎದ್ದು ಅಂಗಳಕ್ಕೆ ನಡೆದೆವು. ಅವರ ಗಾಡಿಯ ಕೆಳಗೆ ಸಂಕೋಲೆಯಲ್ಲಿ ನೇತಾಡುತ್ತಿದ್ದ ಸ್ಟೆಪ್ನಿಗೆ ಯಾರೋ ಹುಡುಗ ತೆವಳಿ ಹೋಗಿ ಮೊಬೈಲ್ ಬೆಳಕು ಹಿಡಿದ. ಮಣ್ಣು ಒರೆಸಿ ಓದಿದ: ಮೂವತ್ತೆಂಟು, ಹನ್ನೊಂದು. ಹಿರಿಯರು ಕೋಲೂರಿಕೊಂಡು ನಿಂತಲ್ಲೇ ಬೆರಳು ಮಡಿಸಿ ವರ್ಷ ಎಣಿಸಿದರು. ಆಮೇಲೆ ಮಗನನ್ನು ಕರೆದು, ಸಂಜೆ ಊರಿಗೆ ಹೊರಡುವ ಮೊದಲು ಅಂಗಡಿ ತೆರೆದಿರುತ್ತದೆಯೇ ನೋಡು ಎಂದರು.